ಇಲ್ಲದ ಕೆರೆಯ ಹೂಳು

ದಾವಣಗೆರೆ ಜಿಲ್ಲೆಯ ಕೆರೆಯೊಂದರ ಹೂಳೆತ್ತುವ ಕಾಮಗಾರಿಯಲ್ಲಿ ಲಕ್ಷಾಂತರ ರೂಪಾಯಿ ಲಪಟಾಯಿಸಲಾಗಿದೆಯೆಂದು ನಮ್ಮೂರಿನ ಸುದ್ದಿಸಂಸ್ಥೆಯೊಂದು ಕಳೆದ ವಾರ ಪುರಾವೆಸಹಿತ ಬಯಲು ಮಾಡಿತು. ವರದಿಯಲ್ಲಿ ಗುತ್ತಿಗೆದಾರನ ಮೌನವಿತ್ತು, ಎಂಜಿನಿಯರರ ಹಾರಿಕೆಯ ಉತ್ತರವಿತ್ತು, ಹೆಸರು ಹೇಳಲಿಚ್ಛಿಸದ ರೈತನ ಕಣ್ಣೀರೂ ಇತ್ತು. ಇಲ್ಲದಿದ್ದುದು ಕೆರೆ ಮಾತ್ರ. ಜಗಳೂರು, ಹೊನ್ನಾಳಿ, ಹರಿಹರ ಎಂದು ತಾಲ್ಲೂಕು ತಾಲ್ಲೂಕು ಹುಡುಕಿದರೂ ಆ ಹೆಸರಿನ ಊರೂ ಸಿಗಲಿಲ್ಲ.

ವಿಚಾರಿಸಲಾಗಿ, ವರದಿಯನ್ನು ಕೃತಕ ಬುದ್ಧಿಮತ್ತೆ ಬರೆದಿತ್ತೆಂದೂ, ಅದಕ್ಕೆ ಆಗಾಗ ‘ಭ್ರಮೆ’ ಉಂಟಾಗುವುದು ಸಹಜವೆಂದೂ ಸಂಪಾದಕರು ವಿವರಿಸಿದರು. ಇದೇ ಕೆಲಸವನ್ನು ಬಡಪಾಯಿ ತಾಲ್ಲೂಕು ವರದಿಗಾರ ಮಾಡಿದ್ದರೆ ಅದು ಸುಳ್ಳಾಗುತ್ತಿತ್ತು, ಸಂಬಳವೂ ನಿಲ್ಲುತ್ತಿತ್ತು. ಯಂತ್ರ ಮಾಡಿದ್ದರಿಂದ ಕಾಯಿಲೆಯಾಯಿತು, ತಿಂಗಳ ಚಂದಾ ಯಥಾಪ್ರಕಾರ ಸಂದಾಯವಾಯಿತು.

ದೊಡ್ಡ ಪಟ್ಟಣದವರೂ ಈ ಕಾಯಿಲೆಯಿಂದ ಪಾರಾಗಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ‘ಚಿಕಾಗೊ ಸನ್-ಟೈಮ್ಸ್’ ಪತ್ರಿಕೆಯೊಂದಿಗೆ ಬಂದ ಪುರವಣಿಯು ಬೇಸಿಗೆಯ ಓದಿಗೆಂದು ಶಿಫಾರಸು ಮಾಡಿದ 15 ಪುಸ್ತಕಗಳಲ್ಲಿ 10ನ್ನು ಯಾರೂ ಬರೆದೇ ಇರಲಿಲ್ಲ. ಇಲ್ಲದ ಪುಸ್ತಕದಿಂದ ಯಾರ ಹೊಲವೂ ಒಣಗುವುದಿಲ್ಲವೆಂಬುದು ಅವರ ಪುಣ್ಯ. ಇತ್ತ ನಿಜವಾಗಿಯೂ ಹೂಳು ತುಂಬಿಕೊಂಡ ಸೂಳೆಕೆರೆ ಚನ್ನಗಿರಿ ತಾಲ್ಲೂಕಿನಲ್ಲಿ ಇದ್ದಲ್ಲೇ ಇದೆ. ಅಲ್ಲಿಗೆ ಹೋಗಿ ಬರಲು ಪೆಟ್ರೋಲು ಬೇಕು.

ಯಂತ್ರವನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಸಿರಿವಂತರ ವಿದೇಶಿ ಗುಪ್ತ ಕಂಪನಿಗಳ ಗುಟ್ಟು ಬಯಲು ಮಾಡಿ 2016ರಲ್ಲಿ ಹೊರಬಂದ ‘ಪನಾಮಾ ಪೇಪರ್ಸ್’ ಎಂಬ ಸೋರಿಕೆಯ ಸುಮಾರು 1.15 ಕೋಟಿ ಕಡತಗಳಲ್ಲಿ ಬೇಕಾದ ಹೆಸರನ್ನು ಹುಡುಕಲು ಸಾಧ್ಯವಾದದ್ದು ಗಣಕತಂತ್ರದಿಂದಲೇ. ಆದರೆ ಹಾಗೆ ಸಿಕ್ಕ ಹೆಸರುಗಳನ್ನು 370ಕ್ಕೂ ಹೆಚ್ಚು ಪತ್ರಕರ್ತರು ತಿಂಗಳುಗಟ್ಟಲೆ ಕೂತು ತಾಳೆ ನೋಡಿದ್ದರು. ನಮ್ಮವರಿಗೆ ಈ ಕಥೆಯ ಪೂರ್ವಾರ್ಧವಷ್ಟೇ ರುಚಿಸಿದೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದು, ಉತ್ತರಕ್ಕಾಗಿ 30 ದಿನ ಕಾಯುವುದು, ಆಮೇಲೆ ಬಸ್ಸು ಹಿಡಿದು ಹೋಗಿ ಕೆರೆ ಏರಿಯ ಮೇಲೆ ನಿಂತು ಕಣ್ಣಾರೆ ನೋಡುವುದು, ಇವೆಲ್ಲ ಹಳೆಯ ಕಾಲದ ಮಡಿವಂತಿಕೆಯಂತೆ.

ಇದಕ್ಕಿಂತ ಘನವಾದ ಸಾಧನೆ ಇನ್ನೊಂದಿದೆ. ಅಸ್ತಿತ್ವದಲ್ಲಿದ್ದ ಕಾಮಗಾರಿಯೊಂದರಲ್ಲಿ ಎಷ್ಟು ಕೆಲಸವಾಗಿದೆಯೆಂದು ದಾಖಲಿಸುವ ಅಳತೆ ಪುಸ್ತಕದ ನಕಲನ್ನು ಗುಮಾಸ್ತರೊಬ್ಬರು ಹೆದರುತ್ತ ಹೆದರುತ್ತ ಇದೇ ಸಂಸ್ಥೆಗೆ ತಂದುಕೊಟ್ಟಿದ್ದರು. ಹಿಂದಿನ ವರದಿಗಾರರು ಅಂಥವರ ಹೆಸರನ್ನು ಮನೆಯವರ ಮುಂದೆಯೂ ಬಾಯಿಬಿಡುತ್ತಿರಲಿಲ್ಲ. ನಮ್ಮ ತರುಣ ತನಿಖಾ ವರದಿಗಾರರು ಆ ಹಾಳೆಗಳ ಫೋಟೊ ತೆಗೆದು, ಮೂಲೆಯಲ್ಲಿದ್ದ ಗುಮಾಸ್ತರ ಸಹಿಯ ಸಮೇತ, ಯಾವ ದೇಶದಲ್ಲಿದೆಯೆಂದು ತಮಗೇ ತಿಳಿಯದ ಸರ್ವರ್‌ಗೆ ಏರಿಸಿ ‘ಸಾರಾಂಶ ಕೊಡು’ ಎಂದರು. ಯಂತ್ರ ವಿಧೇಯ ಪ್ರಾಣಿ. ಗುಮಾಸ್ತರ ಹೆಸರನ್ನು ಸಾರಾಂಶದ ಮೊದಲ ಸಾಲಿನಲ್ಲೇ ಬರೆದುಕೊಟ್ಟಿತು. ಮೂಲವನ್ನು ಬಹಿರಂಗಪಡಿಸಬಾರದೆಂಬ ನೀತಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವರೇ ಮರೆತಿದ್ದರು.

ಇನ್ನು ಮೊದಲು ಹೇಳಿದ ಕೆರೆಯ ವಿಷಯ. ವರದಿಯ ಬಿಸಿ ತಟ್ಟುತ್ತಿದ್ದಂತೆ ಸಂಬಂಧಪಟ್ಟ ಇಲಾಖೆಯವರು ಎಚ್ಚೆತ್ತು, ಸದರಿ ಕೆರೆಯ ಹೂಳೆತ್ತುವ ಕಾಮಗಾರಿಯು ನಿಯಮಾನುಸಾರ ಪೂರ್ಣಗೊಂಡಿದ್ದು ನೀರಿನ ಸಂಗ್ರಹವೂ ಗಣನೀಯವಾಗಿ ಹೆಚ್ಚಿದೆಯೆಂದು ಸ್ಪಷ್ಟೀಕರಣ ಹೊರಡಿಸಿದ್ದಾರೆ. ಸಂಪಾದಕರು ಅದನ್ನು ‘ವರದಿ ಫಲಶ್ರುತಿ’ ಎಂಬ ತಲೆಬರಹ ಕೊಟ್ಟು ಪ್ರಕಟಿಸಿದ್ದಾರೆ.