ಹಾಸಿಗೆ ಹಾಸಿದವಳ ಕೈಗೆ ಎಷ್ಟು ಬಂತು?

ಮನೆಗೆ ನೆಂಟರು ಬಂದರೆ ಕೆಲಸ ಯಾರಿಗೆ ಜಾಸ್ತಿ? ಉತ್ತರ ಎಲ್ಲರಿಗೂ ಗೊತ್ತು. ಹಳ್ಳಿ ಪ್ರವಾಸದ ಮಾತು ಬಂದಾಗಲೆಲ್ಲ ನನಗೆ ಮೊದಲು ಇದೇ ನೆನಪಾಗುತ್ತದೆ. ಹೋಗಿ ಬಂದವರು ಗಾಳಿ, ಊಟ, ಆದರ ಎಲ್ಲವನ್ನೂ ಹೊಗಳುತ್ತಾರೆ. ಅಡುಗೆ ಮಾಡಿ, ಹಾಸಿಗೆ ಹಾಸಿ, ಬಚ್ಚಲು ತೊಳೆದವಳ ಕೈಗೆ ಎಷ್ಟು ಬಂತು ಅಂತ ಕೇಳುವವರು ಕಡಿಮೆ.

ಅದಕ್ಕೇ ಗ್ರೀಸ್‌ನ ಪೆಟ್ರಾ ನನಗೆ ತುಂಬ ಇಷ್ಟ. ಲೆಸ್ಬೋಸ್ ದ್ವೀಪದ ಒಂದು ಪುಟ್ಟ ಊರು ಅದು. 1983ರಲ್ಲಿ ಅಲ್ಲಿನ ಹೆಂಗಸರು ಸೇರಿ ಸಹಕಾರ ಸಂಘ ಕಟ್ಟಿ, ಮನೆಯ ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡತೊಡಗಿದರು. ಆ ದೇಶದಲ್ಲಿ ಇಂಥ ಮೊದಲ ಮಹಿಳಾ ಸಂಘ ಅದು. ಅದೇ ವರ್ಷ ಗ್ರೀಸ್‌ನ ಕುಟುಂಬ ಕಾನೂನು ಬದಲಾಗಿ ವರದಕ್ಷಿಣೆ ರದ್ದಾಯಿತು. ಲೆಸ್ಬೋಸ್ ಇರುವ ಏಜಿಯನ್ ಕಡಲಿನ ಎಷ್ಟೋ ದ್ವೀಪಗಳಲ್ಲಿ ಮಗಳ ಮದುವೆಗೆ ಮನೆಯನ್ನೇ ವರದಕ್ಷಿಣೆಯಾಗಿ ಕೊಡುವ ರೂಢಿಯಿತ್ತು. ಯೋಚನೆ ಮಾಡಿ, ಮನೆ ಅವಳ ಜೊತೆ ಬರುತ್ತಿತ್ತು, ಅದರ ದುಡಿತವೂ ಅವಳದ್ದೇ. ತನ್ನದು ಅಂತ ಹೇಳಿಕೊಳ್ಳುವ ಸಂಪಾದನೆ ಮಾತ್ರ ಇರಲಿಲ್ಲ. ಈಗ ಅದೇ ಮನೆಯ ಒಂದು ಕೋಣೆ ಅವಳಿಗೆ ದುಡ್ಡು ತಂದಿತು.

ಒಬ್ಬೊಬ್ಬರೇ ಕೋಣೆ ಕೊಡಬಹುದಲ್ವಾ, ಸಂಘ ಯಾಕೆ ಅಂತ ನೀವು ಕೇಳಬಹುದು. ಒಬ್ಬಳೇ ಇದ್ದರೆ ದಲ್ಲಾಳಿ ಬಂದು, "ಪಕ್ಕದ ಮನೆಯವರು ಇನ್ನೂ ಕಡಿಮೆಗೆ ಕೊಡುತ್ತಾರೆ" ಅನ್ನುತ್ತಾನೆ. ಅವಳು ದರ ಇಳಿಸುತ್ತಾಳೆ. ನಾಳೆ ಪಕ್ಕದ ಮನೆಗೂ ಅದೇ ಗತಿ. ಎಲ್ಲರದ್ದೂ ಒಂದೇ ದರ ಆಗಿಬಿಟ್ಟರೆ ಈ ಆಟ ನಡೆಯುವುದಿಲ್ಲ.

ಲಡಾಖಿನ ಹಿಮಾಲಯನ್ ಹೋಮ್‌ಸ್ಟೇಗಳಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ಅತಿಥಿಗಳು ಸರದಿಯ ಮೇಲೆ ಮನೆಮನೆಗೆ ಹೋಗುತ್ತಾರೆ. ಆದಾಯದ ಒಂದು ಪಾಲು ಊರಿನ ನಿಧಿಗೆ ಸೇರುತ್ತದೆ. ಹಿಮಚಿರತೆ ಕುರಿ ಹಿಡಿದರೆ ಊರಿನವರಿಗೆ ಕೋಪ ಬರುವುದು ಸಹಜ. ಅದೇ ಚಿರತೆ ನೋಡಲು ಬಂದವರಿಂದ ಮನೆಗೆ ಆದಾಯ ಬಂದರೆ ಅದನ್ನು ಉಳಿಸುವ ಮನಸ್ಸೂ ಬರುತ್ತದೆ. ಅಲ್ಲಿ ಅತಿಥಿಗಳನ್ನು ನೋಡಿಕೊಳ್ಳುವವರು ಹೆಚ್ಚಾಗಿ ಮನೆಯ ಹೆಂಗಸರೇ.

ಈ ಸರದಿಗೆ ಆಕ್ಷೇಪ ಇದೆ. ಚೆನ್ನಾಗಿ ನೋಡಿಕೊಳ್ಳುವವರಿಗೆ ಜಾಸ್ತಿ ಅತಿಥಿ ಸಿಗಬೇಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದರೆ ಮೊದಲೇ ದೊಡ್ಡ ಮನೆ, ಒಳ್ಳೆಯ ಬಚ್ಚಲು ಇದ್ದವರ ಮನೆಗೇ ಅತಿಥಿಗಳೆಲ್ಲ ಹೋಗುತ್ತಾರೆ. ಆದರೆ ದಾರಿ, ನೀರು, ಕಣ್ಣಿಗೆ ಕಾಣುವ ಬೆಟ್ಟ ಇವೆಲ್ಲ ಊರಿಗೆಲ್ಲ ಸೇರಿದ್ದು. ಒಂದು ಮನೆಯ ಬಚ್ಚಲು ಚೆನ್ನಾಗಿಲ್ಲದಿದ್ದರೆ ಸಂಘ ಸಾಲ ಕೊಟ್ಟು ಸರಿ ಮಾಡಿಸಲಿ. ಸಹಕಾರ ಸಂಘದಲ್ಲಿ ಒಬ್ಬರಿಗೆ ಒಂದೇ ಮತ. ಹತ್ತು ಕೋಣೆಯವಳಿಗೂ ಒಂದು, ಒಂದು ಕೋಣೆಯವಳಿಗೂ ಒಂದು.

ಮೆಕ್ಸಿಕೋದ ಕ್ವೆಟ್ಸಾಲನ್ ಊರಿನ ನಹುವಾ ಅನ್ನುವ ಮೂಲನಿವಾಸಿ ಸಮುದಾಯದ ಹೆಂಗಸರು ಬೇರೆ ದಾರಿ ಹಿಡಿದರು. ಮೊದಲು ನೇಯ್ದ ಬಟ್ಟೆ ಮಾರಲು ಸಂಘ ಮಾಡಿಕೊಂಡರು. 1997ರಲ್ಲಿ ತಸೆಲೋಟ್ಸಿನ್ ಅನ್ನುವ ಹೋಟೆಲನ್ನೇ ತೆರೆದರು. ಕೈಕಸುಬು ಮೊದಲು, ಪ್ರವಾಸ ಆಮೇಲೆ. ಈ ಕ್ರಮವೇ ಸರಿ ಅಂತ ನನಗೆ ಅನ್ನಿಸುತ್ತದೆ. 2020ರಲ್ಲಿ ಪ್ರಯಾಣವೇ ನಿಂತಾಗ, ಅತಿಥಿಗಳನ್ನೇ ನಂಬಿದವರ ಕೈ ಖಾಲಿಯಾಯಿತು.

ನನ್ನ ದೊಡ್ಡ ಚಿಂತೆ ಹೆಂಗಸರ ದಿನದ ಬಗ್ಗೆ. ಮನೆ, ಹೊಲ, ದನ ಎಲ್ಲ ಮುಗಿಸಿದ ಮೇಲೆ ಅತಿಥಿಗಳ ಕೆಲಸವೂ ಅವಳ ಮೇಲೇ ಬಿದ್ದರೆ ಸಂಪಾದನೆ ಬಂದರೂ ಅವಳು ಸೋತುಹೋಗುತ್ತಾಳೆ. ಗಂಡಸರು ಮನೆಗೆಲಸಕ್ಕೆ ಕೈಹಾಕಲೇಬೇಕು. ಅಡುಗೆ, ಪಾತ್ರೆ, ಬಟ್ಟೆ ಒಗೆಯುವ ಹೊತ್ತನ್ನೂ ಲೆಕ್ಕ ಹಾಕಿ ದರ ಕಟ್ಟಬೇಕು. ಹಣ ಅವಳದೇ ಖಾತೆಗೆ ಬರಬೇಕು, ಗಂಡನ ಖಾತೆಗಲ್ಲ. ಇನ್ನೊಂದು ಮಾತು, ಸಂಘದ ಸಭೆಯನ್ನು ಸಂಜೆ ಅಡುಗೆ ಹೊತ್ತಿಗೆ ಇಡಬೇಡಿ. ಆ ಹೊತ್ತಿಗೆ ಅವಳ ಬದಲು ಗಂಡ ಬಂದು ಕೂರುತ್ತಾನೆ, ಸಹಿಯನ್ನೂ ಅವನೇ ಹಾಕುತ್ತಾನೆ.