ವಿಮಾ ಏಜೆಂಟ್ ಪರೀಕ್ಷೆ ಮನೆಯಲ್ಲೇ ಬರೆದರೆ ಆಗಲ್ವಾ?

ಪರ

ಪರ ವಾದ ನೀವು ಬರೆಯಿರಿ ಅಂದರು, ಒಪ್ಪಿಕೊಂಡೆ. ಕೋವಿಡ್ ಕಾಲದಲ್ಲಿ ಬಂದ ಮನೆ ಪರೀಕ್ಷೆಯಿಂದ ಅನುಕೂಲವಾಗಿದ್ದಂತೂ ನಿಜ. ಏಜೆಂಟ್ ಆಗಲು ಬರೆಯುವ ಐಸಿ-38 ಪತ್ರಿಕೆ ಅಂದರೆ 50 ಪ್ರಶ್ನೆ, 1 ಗಂಟೆ. ಶೇ 35 ಬಂದರೆ ಪಾಸು, ಅಂದರೆ 18 ಉತ್ತರ ಸರಿಯಿದ್ದರೆ ಸಾಕು. ತಪ್ಪಿದ್ದಕ್ಕೆ ಅಂಕ ಕಳೆಯುವುದಿಲ್ಲ. ಕನ್ನಡದಲ್ಲೂ ಬರೆಯಬಹುದು. ಇಷ್ಟಕ್ಕೆ ಹಳ್ಳಿಯ ಹೆಣ್ಣುಮಗಳು ಕೂಲಿ ಬಿಟ್ಟು, ಮಗು ಎತ್ತಿಕೊಂಡು, ಎರಡು ಬಸ್ಸು ಹತ್ತಿ ಇಳಿದು ಪೇಟೆಗೆ ಹೋಗಬೇಕಾ?

ನಕಲು ಅಂತೀರಾ? 2021ರ ಪಿಎಸ್‌ಐ ಪರೀಕ್ಷೆ ಕೇಂದ್ರದಲ್ಲೇ ನಡೆದಿತ್ತಲ್ಲ. 545 ಹುದ್ದೆಗಳ ಆ ಪರೀಕ್ಷೆಯನ್ನು ಕೊನೆಗೆ ರದ್ದು ಮಾಡಬೇಕಾಯಿತು. ಮನೆ ಪರೀಕ್ಷೆಯಲ್ಲಿ ಕ್ಯಾಮೆರಾ ಇರುತ್ತದೆ, ಗುರುತಿನ ಚೀಟಿ ತೋರಿಸಬೇಕು. ಸಾಲದಿದ್ದರೆ ಇನ್ನಷ್ಟು ಬಿಗಿ ಮಾಡಲಿ.

ವಿರೋಧ

ಶಕ್ತಿ ಯೋಜನೆ ಬಂದ ಮೇಲೂ ಬಸ್ಸಿನ ಕಷ್ಟ ಹೇಳುವವರಿದ್ದಾರೆ! ಇರಲಿ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಚಿಕ್ಕಪ್ಪ ಸರ್ಕಾರಿ ನೌಕರ. ತಮ್ಮ ಹೆಸರಲ್ಲಿ ಏಜೆನ್ಸಿ ತೆಗೆದುಕೊಳ್ಳುವಂತಿಲ್ಲ. ಅದಕ್ಕೇ ಚಿಕ್ಕಮ್ಮನ ಹೆಸರಲ್ಲಿ ಅರ್ಜಿ. (ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ, ನೋಡಿ.) ಪರೀಕ್ಷೆಯ ದಿನ ಚಿಕ್ಕಮ್ಮ ಲ್ಯಾಪ್‌ಟಾಪ್ ಎತ್ತಿ ಕೋಣೆಯ ನಾಲ್ಕೂ ಗೋಡೆ ತೋರಿಸಿದರು. ಅದು ಮುಗಿದ ಮೇಲೆ ಚಿಕ್ಕಪ್ಪ ಅಡುಗೆಮನೆಯಿಂದ ಬೆಕ್ಕಿನ ಹಾಗೆ ಬಂದು, ಕ್ಯಾಮೆರಾಕ್ಕೆ ಬೀಳದಂತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಮೈಕ್ ಆನ್ ಇತ್ತಲ್ಲ, ಮಾತಿಲ್ಲ. ಕೈಯಲ್ಲಿ ಮಗಳ ಹಳೇ ಸ್ಲೇಟು. ಬಳಪದಲ್ಲಿ ಉತ್ತರದ ನಂಬರ್ ಬರೆಯುವುದು, ಅಂಗೈಯಲ್ಲಿ ಒರೆಸುವುದು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನಕ್ಕಿದ್ದೆ.

ಚಿಕ್ಕಮ್ಮ ಪಾಸಾದರು. ಮೊದಲ ಪಾಲಿಸಿ ಪಕ್ಕದ ಮನೆಯವರದ್ದು. ಅವರಿಗೆ ಶುಗರ್ ಇತ್ತು. 'ಅದನ್ನೆಲ್ಲ ಯಾಕೆ ಬರೀತೀರಿ, ಸುಮ್ನೆ ಪ್ರೀಮಿಯಂ ಜಾಸ್ತಿ ಆಗುತ್ತೆ' ಅಂತ ಫಾರಂನಲ್ಲಿ 'ಇಲ್ಲ' ಎಂದು ತುಂಬಿದ್ದಾಯಿತು. ಎರಡನೇ ವರ್ಷ ಅವರು ತೀರಿಕೊಂಡರು. ಪಾಲಿಸಿಗೆ 3 ವರ್ಷ ತುಂಬುವ ತನಕ ಮುಚ್ಚಿಟ್ಟ ಕಾಯಿಲೆಯನ್ನು ಕಂಪನಿ ಕೆದಕಬಹುದು. ಕೆದಕಿತು. ಕ್ಲೇಮ್ ವಾಪಸ್ ಬಂತು.

ತೀರಿಕೊಂಡವರ ಹೆಂಡತಿ ಬಾಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದರು. 'ಇದರಲ್ಲಿ ಏನೂ ಬರಲ್ವಾ ಅಕ್ಕ?' ಅಂದರು. ಚಿಕ್ಕಮ್ಮ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. 'ಸಾಯಂಕಾಲ ಬಾಮ್ಮ, ಇವರು ಆಫೀಸಿಂದ ಬಂದಿರ್ತಾರೆ' ಅಂದರು.