ಚಂದಾ ಕಟ್ಟಿದ್ದಾಯ್ತು, ಹುಡುಕೋದು ಹೇಳಿಕೊಡೋರು ಯಾರು?

ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ ಯೋಜನೆ 2025ರ ಜನವರಿಯಲ್ಲಿ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಜರ್ನಲ್‌ಗಳು ಸರ್ಕಾರಿ ಕಾಲೇಜುಗಳ ಮಕ್ಕಳಿಗೆ ಪುಕ್ಕಟೆ. ಕ್ಯಾಲಿಫೋರ್ನಿಯಾದ ಸಸ್ಯವಿಜ್ಞಾನ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೂ ಖುಷಿಯಾಯಿತು. ಆದರೆ ಕೃಷಿ ಓದುತ್ತಿರುವ ಚಿಕ್ಕಮಗಳೂರಿನ ಅಕ್ಕನ ಮಗಳು ಈಗಲೂ ವಾಟ್ಸಾಪ್ ಮಾಡುತ್ತಾಳೆ: “ಮಾಮ, ಬೋರರ್ ಮೇಲೆ ಪೇಪರ್ ಇದ್ರೆ ಕಳ್ಸು.”

ಕಳಿಸೋದೇನೂ ಕಷ್ಟವಲ್ಲ. ಬೇಜಾರಾಗೋದು ಅವಳು ಹುಡುಕುವ ರೀತಿಗೆ. ಗೂಗಲ್ ಸ್ಕಾಲರ್‌ನಲ್ಲಿ ‘ಕಾಫಿ ಬೋರರ್’ ಅಂತ ಹಾಕುತ್ತಾಳೆ. ಬರೋದು ಜಾಸ್ತಿ ಕಾಫಿ ಕಾಯಿ ಕೊರೆಯುವ ಹುಳ, ಕಾಯಿಕೊರಕದ ಕಥೆ. ನಮ್ಮ ಅರೇಬಿಕಾ ಗಿಡ ಒಣಗಿಸುವ ಬಿಳಿ ಕಾಂಡಕೊರಕ ಬೇರೆಯದೇ ಹುಳ. ‘ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್’ ಅನ್ನೋ ಅದರ ವೈಜ್ಞಾನಿಕ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಬೇಡದ್ದೆಲ್ಲ ತಾನಾಗಿ ಉದುರುತ್ತದೆ. ಇಷ್ಟನ್ನೂ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಅವಳ ಮಟ್ಟಿಗೆ ಲೈಬ್ರರಿ ಅಂದರೆ ಹಳೇ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸುವ ಜಾಗ.

ಇಲ್ಲಿ ಹಾಗಲ್ಲ. ಸಸ್ಯವಿಜ್ಞಾನಕ್ಕೇ ಅಂತ ಒಬ್ಬ ಲೈಬ್ರರಿಯನ್ ಇದ್ದಾರೆ. ಮುಂದೆ ಕೂತರೆ ಅವರು ಮೊದಲು ಕೇಳೋದೇ “ಇದಕ್ಕೆ ಇನ್ನೇನು ಹೆಸರಿದೆ?” ಅಂತ. ನಮ್ಮ ಕೊಳೆರೋಗವನ್ನೇ ತಗೊಳ್ಳಿ. ಅಡಿಕೆಗೆ ಬರುವ ಕೊಳೆರೋಗಕ್ಕೆ ಫೈಟಾಫ್ತೊರಾ ಅನ್ನೋ ಸೂಕ್ಷ್ಮಜೀವಿ ಕಾರಣ. ಕಾಫಿಯದಕ್ಕೆ ಕಾರಣವೇ ಬೇರೆ, ಒಂದು ಶಿಲೀಂಧ್ರ. ಅದನ್ನು ಹಳಬರು ಪೆಲಿಕ್ಯುಲೇರಿಯಾ ಕೊಳೆರೋಗ ಅಂತ ಬರೆದರು. ಕಾರ್ಟಿಸಿಯಂ ಕೊಳೆರೋಗ ಅಂತಲೂ, ಕೊಳೆರೋಗ ನಾಕ್ಸಿಯಾ ಅಂತಲೂ ಬರೆದವರಿದ್ದಾರೆ. ಒಂದೇ ಹೆಸರು ಹಿಡಿದು ಹೊರಟರೆ ಉಳಿದ ಹೆಸರಿನ ಪೇಪರ್‌ಗಳು ಕೈತಪ್ಪುತ್ತವೆ. ಸಿಎಬಿ ಅಬ್‌ಸ್ಟ್ರಾಕ್ಟ್ಸ್, ಅಗ್ರಿಕೋಲದಂಥ, ಕೃಷಿ ಪೇಪರ್‌ಗಳ ವಿವರ ಕೂಡಿಟ್ಟ ಡೇಟಾಬೇಸ್‌ಗಳ ಹೆಚ್ಚುಗಾರಿಕೆ ಇರೋದು ಇಲ್ಲೇ. ಪ್ರತಿ ಪೇಪರಿಗೂ ಗೊತ್ತುಮಾಡಿದ ವಿಷಯಪದ ಹಚ್ಚಿರುತ್ತಾರೆ, ಹಳೇ ಹೆಸರಿಗೂ ಹೊಸ ಹೆಸರಿಗೂ ಗಂಟು ಹಾಕಿರುತ್ತಾರೆ. ಅಮೆರಿಕದ ರಾಷ್ಟ್ರೀಯ ಕೃಷಿ ಗ್ರಂಥಾಲಯದ ಅಗ್ರಿಕೋಲ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಗ್ರಿಸ್, ಎರಡಕ್ಕೂ ಚಂದಾ ಬೇಡ. ಮೂಡಿಗೆರೆಯಲ್ಲಿ ಕೂತು ಮೊಬೈಲಿನಲ್ಲೇ ನೋಡಬಹುದು.

ಇನ್ನೊಂದು ವಿಷಯ. ಇಲ್ಲಿನ ಎಷ್ಟೋ ಸರ್ಕಾರಿ ವಿಶ್ವವಿದ್ಯಾಲಯಗಳ ಲೈಬ್ರರಿಗೆ ಹೊರಗಿನವರೂ ಬಂದು ಅಲ್ಲಿನ ಕಂಪ್ಯೂಟರಿನಲ್ಲಿ ಡೇಟಾಬೇಸ್ ನೋಡಬಹುದು. ದ್ರಾಕ್ಷಿ ಬೆಳೆಗಾರ ಬಂದು ಕೂತರೂ ಯಾಕೆ ಬಂದೆ ಅನ್ನೋರಿಲ್ಲ. ಊರಲ್ಲಿ ನಮ್ಮ ಭಾವ ಬೋರರ್ ಬಿದ್ದ ಗಿಡ ಹುಡುಕಿಸಿ, ಕೀಳಿಸಿ, ಸುಡಿಸುತ್ತಾರೆ. ಅದಕ್ಕೂ ಮೇಲೆ ಏನಾದರೂ ಕೇಳಬೇಕಾದರೆ ಅವರಿಗೆ ಔಷಧಿ ಅಂಗಡಿಯವನೇ ಡೇಟಾಬೇಸ್.

ಹಾಗಂತ ಇಲ್ಲಿ ಎಲ್ಲಾ ಸಿಗುತ್ತೆ ಅಂದುಕೊಳ್ಳಬೇಡಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಅಲ್ಲಿ ಇಷ್ಟು ವರ್ಷ ಬರೆದಿಟ್ಟಿದ್ದೆಲ್ಲ ಈ ದೊಡ್ಡ ಡೇಟಾಬೇಸ್‌ಗಳಿಗೆ ಬಂದಿಲ್ಲ. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಬೇಕೆಂದರೆ ಕೃಷಿಕೋಶ ಅನ್ನೋ ಆನ್‌ಲೈನ್ ಭಂಡಾರಕ್ಕೇ ಹೋಗಬೇಕು, ಬೇರೆ ಪಿಎಚ್‌.ಡಿ.ಗಳಿಗೆ ಶೋಧಗಂಗಾ. ಇಲ್ಲಿನ ಲೈಬ್ರರಿಯನ್‌ಗೆ ಇವೆರಡರ ಹೆಸರು ಹೇಳಿದ್ದು ನಾನೇ! ಗಿಡದ ಗುರುತು ಹಿಡಿಯೋಕಾದರೆ ಡೇಟಾಬೇಸೂ ಬೇಡ. ಸಲ್ಡಾನ್ಹಾ ಮತ್ತು ನಿಕೋಲ್ಸನ್ 1976ರಲ್ಲಿ ಹಾಸನ ಜಿಲ್ಲೆಯ ಗಿಡಮರಗಳ ಬಗ್ಗೆಯೇ ಒಂದು ದಪ್ಪ ಪುಸ್ತಕ ತಂದಿದ್ದಾರೆ. ಹಾಸನದ ಎಷ್ಟು ಮಕ್ಕಳು ಅದನ್ನು ತೆರೆದು ನೋಡಿದ್ದಾರೋ.

ಅಂದರೆ ಸರಕು ಎರಡೂ ಕಡೆ ಇದೆ. ಊರಲ್ಲಿ ಇಲ್ಲದೇ ಇರೋದು ಪಕ್ಕದಲ್ಲಿ ಕೂತು ತೋರಿಸುವ ಮನುಷ್ಯ. ಆ ಕೋಟಿಗಳ ಜೊತೆ ಕಾಲೇಜಿಗೊಬ್ಬರು ಅಂಥವರನ್ನು ಕೊಡಿ. ಬೆಳೆಗಾರರಿಗೂ ಒಂದು ಕಂಪ್ಯೂಟರ್, ಒಂದು ಕುರ್ಚಿ ಇಡಿ. ಮೊದಲ ಪಾಠಕ್ಕೆ ಕೊಳೆರೋಗವೇ ಇರಲಿ. ಮಳೆಗಾಲಕ್ಕೆ ಮುಂಚೆ ಇಟ್ಟುಕೊಂಡರೆ ನಮ್ಮ ಭಾವನೂ ಬರುತ್ತಾರೆ.